ಮೈಲುತುತ್ತದ ನೀರಲ್ಲಿ ಕುಡಗೋಲು ಕೆಂಪಾಗಿದ್ದು ಯಾಕೆ?

ಓದುಗರ ಪ್ರಶ್ನೆಗಳಿಗೆ ಬೀದರದ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿಯ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಐದನ್ನು ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ. ಬರೆದವರು ರೈತರು, ವಿದ್ಯಾರ್ಥಿಗಳು, ಒಬ್ಬ ಗೃಹಿಣಿ, ಒಬ್ಬ ಮೇಷ್ಟ್ರು. ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಆದರೂ ಐವರ ಪ್ರಶ್ನೆಯೂ ಒಳಗೆ ಒಂದೇ. ಒಂದು ಲೋಹವನ್ನು ಇನ್ನೊಂದು ಲೋಹದ ಲವಣ ಕರಗಿದ ನೀರಿಗೆ ಹಾಕಿದರೆ ಏನಾಗುತ್ತದೆ ಅಂತ ಮೊದಲೇ ಹೇಳಬಹುದಾ? ಹೇಳಬಹುದು. ಬಾಯಿಪಾಠ ಬೇಕಿಲ್ಲ, ಎರಡು ಸಂಖ್ಯೆ ಸಾಕು. ಆದರೆ ಆ ಸಂಖ್ಯೆ ಯಾವ ಮಾತು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಅನ್ನೋದು ಗೊತ್ತಿರಬೇಕು.

ಅಫಜಲಪುರ ತಾಲ್ಲೂಕಿನ ದಾಳಿಂಬೆ ಬೆಳೆಗಾರರು: ಬೆಳೆಗೆ ಸಿಂಪಡಿಸೋ ಮೈಲುತುತ್ತ-ಸುಣ್ಣದ ಔಷಧಿ, ಅಂದರೆ ಬೋರ್ಡೊ ದ್ರಾವಣ ಮಾಡುವಾಗ ಕುಡಗೋಲು ಅದರೊಳಗೆ ಬಿತ್ತು. ತೆಗೆದಾಗ ಅಲಗು ಕೆಂಪಾಗಿತ್ತು. ಕಬ್ಬಿಣ ಕಲಬೆರಕೆ ಇರಬೇಕು ಅಂತ ಪಕ್ಕದ ಹೊಲದವರು ಹೇಳ್ತಾರೆ. ಹೌದಾ?

ಅಲ್ಲ. ನಿಮ್ಮ ಕುಡಗೋಲಿನ ಕಬ್ಬಿಣ ಸರಿಯಾಗಿಯೇ ಇದೆ. ಸರಿಯಾಗಿ ಇಲ್ಲದ್ದು ಆ ದ್ರಾವಣ.

ಅಲಗಿನ ಮೇಲೆ ಕೂತಿರೋದು ತಾಮ್ರ. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ನೀರಿನಲ್ಲಿ ಕರಗಿದಾಗ ಅದರ ತಾಮ್ರ ಅಯಾನುಗಳಾಗಿ ಓಡಾಡುತ್ತಿರುತ್ತದೆ. ಒಂದೊಂದು ತಾಮ್ರದ ಅಯಾನಿಗೂ ಎರಡೆರಡು ಎಲೆಕ್ಟ್ರಾನ್ ಕಡಿಮೆ. ಕಬ್ಬಿಣದ ಹತ್ತಿರ ಎಲೆಕ್ಟ್ರಾನ್ ಇವೆ, ಅವನ್ನು ಅದು ತಾಮ್ರದಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ತಾನು ನೀರಿಗೆ ಇಳಿಯುತ್ತದೆ. ತಾಮ್ರ ಅವನ್ನು ತೆಗೆದುಕೊಂಡು ಲೋಹವಾಗಿ ಅಲಗಿಗೆ ಅಂಟಿಕೊಳ್ಳುತ್ತದೆ. ಶಾಲೆಯಲ್ಲಿ ಸ್ಥಾನಪಲ್ಲಟ ಕ್ರಿಯೆ ಅಂತ ಹೇಳಿಕೊಡೋದು ಇದನ್ನೇ.

ಈಗ ನಿಮಗೆ ಬೇಕಾದ ಮಾತು. ಶೇಕಡಾ 1ರ ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣ ಒಳ್ಳೆಯದಿದ್ದರೆ ತಾಮ್ರವೆಲ್ಲ ನೀಲಿ ಗಸಿಯಾಗಿ ಕಟ್ಟಿಕೊಳ್ಳುತ್ತದೆ, ನೀರಿನಲ್ಲಿ ಬಿಡಿಯಾಗಿ ಹೆಚ್ಚು ಉಳಿಯೋದಿಲ್ಲ. ಆಗ ಉಜ್ಜಿ ಹೊಳಪು ಮಾಡಿದ ಕುಡಗೋಲು ಅದ್ದಿದರೂ ಕೆಂಪಾಗೋದಿಲ್ಲ. ಸುಣ್ಣ ಹಳೆಯದಾಗಿ ಸತ್ತು ಹೋಗಿದ್ದರೆ ಬಿಡಿ ತಾಮ್ರ ಉಳಿಯುತ್ತದೆ. ಅದು ಎಲೆಯನ್ನು, ಎಳೆಯ ಕಾಯಿಯನ್ನು ಸುಡುತ್ತದೆ. ಆಕಸ್ಮಿಕವಾಗಿ ಬಿದ್ದ ಕುಡಗೋಲು ನಿಮ್ಮ ತೋಟ ಉಳಿಸಿದೆ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಕಲಸಿ, ಅಲಗು ಉಜ್ಜಿ ಮತ್ತೆ ಅದ್ದಿ ನೋಡಿ. ಕೆಂಪು ಕೂರದಿದ್ದರೆ ಆಮೇಲೆ ಸಿಂಪಡಿಸಿ.

ಇನ್ನೊಂದು ಮಾತು. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ, ಸತುವಿನ ತಗಡಿನ ಬಕೆಟ್‌ನಲ್ಲಿ ನೆನೆಹಾಕಬೇಡಿ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇದೆ. ಅಷ್ಟೂ ತಾಮ್ರ ಕಬ್ಬಿಣದ ಮೇಲೆ ಕೂತರೆ ನಿಮ್ಮ ಡ್ರಮ್ಮಿನಿಂದ ಹೆಚ್ಚುಕಡಿಮೆ 220 ಗ್ರಾಂ ಕಬ್ಬಿಣ ಕರಗಿ ಹೋಗುತ್ತದೆ. ಡ್ರಮ್ಮೂ ತೂತು, ಔಷಧಿಯೂ ಹಾಳು. ಪ್ಲಾಸ್ಟಿಕ್ ಡ್ರಮ್ ಇರಲಿ, ಇಲ್ಲಾ ಮಣ್ಣಿನ ಬಾನಿ.

ಹುಮನಾಬಾದ್‌ನ ಪಿಯು ವಿದ್ಯಾರ್ಥಿನಿ: ಯಾವ ಲೋಹ ಯಾವುದನ್ನು ಹೊರಗೆ ಹಾಕುತ್ತದೆ ಅನ್ನೋ ಸರಣಿ ನನಗೆ ಬಾಯಿಪಾಠ ಆಗೋದೇ ಇಲ್ಲ ಮೇಡಂ. ಲೆಕ್ಕ ಮಾಡಿ ಹೇಳೋಕೆ ಬರುತ್ತಾ? ತಾಮ್ರ ಮತ್ತು ಸಿಲ್ವರ್ ನೈಟ್ರೇಟ್ ಲೆಕ್ಕದಲ್ಲಿ ನಾನು 1.26 ವೋಲ್ಟ್ ಬರೆದೆ. ತಪ್ಪು ಅಂತ ಹೊಡೆದರು. ಯಾಕೆ ತಪ್ಪು ಅಂತ ಹೇಳಲಿಲ್ಲ.

ಯಾಕೆ ತಪ್ಪು ಅಂತ ಹೇಳದೆ ಅಂಕ ಕಳೆಯೋದು ನನಗೂ ಆಗಿತ್ತಮ್ಮ, ನಾನು ನಿನ್ನ ವಯಸ್ಸಿನಲ್ಲಿದ್ದಾಗ. ಆ ಕೆಂಪು ಗೀಟು ಇನ್ನೂ ಕಣ್ಣ ಮುಂದೆ ಇದೆ. ಹಾಗಾಗಿ ನಿನಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀನು ಬೀದರಕ್ಕೆ ಬಂದಾಗ ನೌಬಾದ್ ಕಡೆಯ ಕರೇಜ್ ನೋಡಿದ್ದೀಯಾ? ಸುರಂಗ ಬಾವಿ ಅಂತೀವಲ್ಲ, ಅದು. ಬಹಮನಿ ಸುಲ್ತಾನರ ಕಾಲದ್ದು. ಅದರಲ್ಲಿ ಪಂಪಿಲ್ಲ, ಏತ ಇಲ್ಲ. ನೆಲದೊಳಗೆ ಕಲ್ಲು ಕೊರೆದು ಸಣ್ಣ ಇಳಿಜಾರು ಕೊಟ್ಟಿದ್ದಾರೆ ಅಷ್ಟೇ. ನೀರು ತಾನೇ ಹರಿಯುತ್ತದೆ. ಯಾವ ಕಡೆ ಹರಿಯುತ್ತದೆ ಅಂತ ತಿಳಿಯೋಕೆ ನೀರನ್ನು ನೋಡಬೇಕಾಗಿಯೇ ಇಲ್ಲ. ಎರಡು ತುದಿಯ ಎತ್ತರ ಗೊತ್ತಿದ್ದರೆ ಆಯ್ತು.

ಲೋಹಗಳಿಗೂ ಹಾಗೆ ಎತ್ತರ ಅಳೆದಿಟ್ಟಿದ್ದಾರೆ. ಅದರ ಹೆಸರು ಸ್ಟ್ಯಾಂಡರ್ಡ್ ಎಲೆಕ್ಟ್ರೋಡ್ ಪೊಟೆನ್ಶಿಯಲ್. ಹೈಡ್ರೋಜನ್ನಿಗೆ ಸೊನ್ನೆ ಕೊಟ್ಟು ಉಳಿದವನ್ನು ಅದರ ಜೊತೆ ಹೋಲಿಸಿದ್ದಾರೆ. ಬೆಳ್ಳಿ ಪ್ಲಸ್ 0.80 ವೋಲ್ಟ್. ತಾಮ್ರ ಪ್ಲಸ್ 0.34. ಸೀಸ ಮೈನಸ್ 0.13. ತವರ ಮೈನಸ್ 0.14. ಕಬ್ಬಿಣ ಮೈನಸ್ 0.44. ಸತು ಮೈನಸ್ 0.76. ಅಲ್ಯೂಮಿನಿಯಂ ಮೈನಸ್ 1.66. ಮೆಗ್ನೀಸಿಯಂ ಮೈನಸ್ 2.37. ಮೈನಸ್ ಜಾಸ್ತಿ ಇದ್ದಷ್ಟೂ ಎತ್ತರದ ನೆಲ ಅಂದುಕೋ. ಎಲೆಕ್ಟ್ರಾನ್ ಅಲ್ಲಿಂದ ಕೆಳಗೆ, ಪ್ಲಸ್ ಕಡೆ ಇಳಿಯುತ್ತದೆ.

ಲೆಕ್ಕ ಹೀಗೆ. ನೀರಿನಲ್ಲಿ ಅಯಾನಾಗಿ ಇರುವುದರ ಸಂಖ್ಯೆ ಮೊದಲು ಬರಿ. ತುಂಡಾಗಿ ಮುಳುಗಿಸಿದ ಲೋಹದ ಸಂಖ್ಯೆಯನ್ನು ಅದರಿಂದ ಕಳೆ. ಉತ್ತರ ಪ್ಲಸ್ ಬಂದರೆ ಕ್ರಿಯೆ ಆ ದಿಕ್ಕಿಗೆ ನಡೆಯುತ್ತದೆ. ಮೈನಸ್ ಬಂದರೆ ನಡೆಯುವುದಿಲ್ಲ. ತಾಮ್ರದ ನೀರಿಗೆ ಸತು ಹಾಕಿದರೆ 0.34ರಿಂದ ಮೈನಸ್ 0.76 ಕಳೆಯಬೇಕು. 1.10 ಬರುತ್ತದೆ. ನಡೆಯುತ್ತದೆ. ತಿರುಗಿಸಿ ಸತುವಿನ ನೀರಿಗೆ ತಾಮ್ರ ಹಾಕಿದರೆ ಮೈನಸ್ 1.10. ವರ್ಷಗಟ್ಟಲೆ ಇಟ್ಟರೂ ತಾಮ್ರದ ಮೇಲೆ ಸತು ಕೂರೋದಿಲ್ಲ.

ಈಗ ನಿನ್ನ ಲೆಕ್ಕ. ಸಿಲ್ವರ್ ನೈಟ್ರೇಟ್‌ನಲ್ಲಿ ತಾಮ್ರ. ಒಂದು ತಾಮ್ರ ಎರಡು ಎಲೆಕ್ಟ್ರಾನ್ ಕೊಡುತ್ತದೆ, ಬೆಳ್ಳಿಗೆ ಒಂದೇ ಬೇಕು. ಹಾಗಾಗಿ ಎರಡು ಬೆಳ್ಳಿ ಬರೆದೆ, ಸರಿ. ಆಮೇಲೆ 0.80ನ್ನೂ ಎರಡರಿಂದ ಗುಣಿಸಿ 1.60 ಮಾಡಿದೆ, ಅದರಿಂದ 0.34 ಕಳೆದೆ. ಅಲ್ಲೇ ಕೈ ತಪ್ಪಿದ್ದು. ವೋಲ್ಟ್ ಅನ್ನೋದು ಎತ್ತರ, ನೀರಿನ ಅಳತೆ ಅಲ್ಲ. ಕರೇಜ್‌ನಲ್ಲಿ ಒಂದು ಕೊಡ ನೀರು ಇಳಿದರೂ ಇಳಿದ ಎತ್ತರ ಅಷ್ಟೇ, ಎರಡು ಕೊಡ ಇಳಿದರೂ ಅಷ್ಟೇ. ಎರಡು ಕೊಡ ಇಳಿದಾಗ ಕೆಲಸ ಎರಡರಷ್ಟಾಗುತ್ತದೆ, ನಿಜ. ಎತ್ತರ ಮಾತ್ರ ಎರಡರಷ್ಟಾಗೋದಿಲ್ಲ. ಆದ್ದರಿಂದ 0.80ರಿಂದ 0.34 ಕಳೆ. ಉತ್ತರ 0.46 ವೋಲ್ಟ್. ಕ್ರಿಯೆ ನಡೆಯುತ್ತದೆ ಅನ್ನೋ ನಿನ್ನ ತೀರ್ಮಾನ ಸರಿಯಾಗಿಯೇ ಇತ್ತು. ಅದಕ್ಕಾದರೂ ಅರ್ಧ ಅಂಕ ಕೊಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ನಿನ್ನ ಕಾಗದದ ಕೊನೆಗೆ ಇನ್ನೊಂದು ಸಾಲು ಇದೆ: ಸೀಸ ಮತ್ತು ತವರ ಎರಡೂ ಹೆಚ್ಚುಕಡಿಮೆ ಒಂದೇ ಅಲ್ವಾ, ಅಲ್ಲಿ ಹೇಗೆ ಹೇಳೋದು? ಈ ಸಾಲು ಓದಿ ನನಗೆ ಬಹಳ ಖುಷಿಯಾಯ್ತು. ಅಲ್ಲಿ ವ್ಯತ್ಯಾಸ ಬರೀ 0.01 ವೋಲ್ಟ್. ನೆಲ ಹೆಚ್ಚುಕಡಿಮೆ ಸಮ. ಇಂಥ ಕಡೆ ಯಾವ ಅಯಾನು ಎಷ್ಟಿದೆ ಅನ್ನೋದು ಮುಖ್ಯವಾಗುತ್ತದೆ. ಪಟ್ಟಿಯಲ್ಲಿರುವ ಸಂಖ್ಯೆಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೀಟರಿಗೆ 1 ಮೋಲ್ ಇದ್ದಾಗಿನವು. ವಾಲ್ಟರ್ ನರ್ನ್ಸ್ಟ್ ಅನ್ನೋ ಜರ್ಮನ್ ವಿಜ್ಞಾನಿ 1889ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. 1920ರ ರಸಾಯನಶಾಸ್ತ್ರದ ನೊಬೆಲ್ ಅವರದ್ದು. ಎರಡು ಎಲೆಕ್ಟ್ರಾನಿನ ಕ್ರಿಯೆಯಲ್ಲಿ ಅಯಾನುಗಳ ಪ್ರಮಾಣ ಹತ್ತು ಪಟ್ಟು ಬದಲಾದರೆ ವೋಲ್ಟೇಜ್ ಸುಮಾರು 0.03 ಬದಲಾಗುತ್ತದೆ.

ಈಗ ನೋಡು. ಸೀಸದ ನೀರಿಗೆ ತವರ ಹಾಕಿದರೆ ಪ್ಲಸ್ 0.01, ನಡೆಯಬೇಕು. ಆದರೆ ಆ ನೀರಿನಲ್ಲಿ ತವರದ ಅಯಾನು ಆಗಲೇ ಸೀಸದ ಹತ್ತು ಪಟ್ಟು ಇದ್ದರೆ? 0.01ರಿಂದ 0.03 ಹೋಯಿತು, ಮೈನಸ್ 0.02. ದಿಕ್ಕೇ ತಿರುಗಿತು. ಆಗ ಸೀಸವೇ ತವರವನ್ನು ಹೊರಗೆ ಹಾಕುತ್ತದೆ. ಸತು-ತಾಮ್ರದ 1.10 ವೋಲ್ಟನ್ನು ಹೀಗೆ ತಿರುಗಿಸಬೇಕಾದರೆ ಸತುವಿನ ಅಯಾನು ತಾಮ್ರಕ್ಕಿಂತ 1ರ ಮುಂದೆ 37 ಸೊನ್ನೆಯಷ್ಟು ಪಟ್ಟು ಇರಬೇಕು. ಅಷ್ಟು ಯಾವ ಪಾತ್ರೆಯಲ್ಲೂ ಹಿಡಿಸೋದಿಲ್ಲ. ಹಾಗಾಗಿ ವ್ಯತ್ಯಾಸ ದೊಡ್ಡದಿದ್ದಾಗ ಪಟ್ಟಿ ನಂಬು. ತೀರಾ ಸಣ್ಣದಿದ್ದಾಗ ಪೆನ್ನು ಹಿಡಿ.

ಒಂದು ಭಾನುವಾರ ಇದನ್ನು ನೀನೇ ಅಳೆದು ನೋಡು. ಮೈಲುತುತ್ತ, ಜಿಂಕ್ ಸಲ್ಫೇಟ್ ಎರಡೂ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತವೆ. ಎರಡು ಗಾಜಿನ ಲೋಟ ತಗೋ. ಒಂದರಲ್ಲಿ ಮೈಲುತುತ್ತದ ನೀರು, ತಾಮ್ರದ ತಂತಿ. ಇನ್ನೊಂದರಲ್ಲಿ ಜಿಂಕ್ ಸಲ್ಫೇಟ್ ನೀರು, ಸತುವಿನ ಪಟ್ಟಿ. ಉಪ್ಪುನೀರಲ್ಲಿ ನೆನೆಸಿದ ಹತ್ತಿ ಬಟ್ಟೆಯ ಪಟ್ಟಿಯನ್ನು ಎರಡೂ ಲೋಟಕ್ಕೆ ಸೇತುವೆ ಮಾಡು. ಎಲೆಕ್ಟ್ರಿಷಿಯನ್ ಹತ್ತಿರ ಇರೋ ಮಲ್ಟಿಮೀಟರ್ ಹಚ್ಚು. 1.1ರ ಹತ್ತಿರ ತೋರಿಸುತ್ತದೆ. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಮಾಡಿದ ಸೆಲ್ ಇದೇ. ಕುಡಗೋಲಿನ ಮೇಲೆ ನಡೆಯುವ ಕೊಡು-ತೆಗೆದುಕೊಳ್ಳುವ ಕೆಲಸವನ್ನೇ ಎರಡು ಲೋಟಕ್ಕೆ ಬೇರೆ ಮಾಡಿ, ಎಲೆಕ್ಟ್ರಾನನ್ನು ತಂತಿಯ ದಾರಿಯಲ್ಲಿ ಕಳಿಸಿದ್ದು. ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳಿ. ಆ ಲೋಟಗಳನ್ನು ಮತ್ತೆ ಕುಡಿಯೋಕೆ ಬಳಸಬೇಡ. ಮೈಲುತುತ್ತ ವಿಷ. ಆ ನೀರನ್ನು ಬಾವಿ, ಕೆರೆ, ಚರಂಡಿಗೆ ಚೆಲ್ಲಬೇಡ.

ಕಲಬುರಗಿಯ ಗೃಹಿಣಿ: ಬೀದರದಲ್ಲಿ ಬಿದರಿ ಹೂಜಿ ಕೊಂಡೆ. ಅಲ್ಲಿ ಕುಶಲಕರ್ಮಿ ಬೂದು ಬಣ್ಣದ ಪಾತ್ರೆಗೆ ನೀಲಿ ನೀರು ಸವರಿದ ತಕ್ಷಣ ಅದು ಕಪ್ಪಾಯಿತು. ಆದರೆ ಕಪ್ಪು ಬರೋದು ಕೋಟೆಯ ಮಣ್ಣಿನಿಂದ ಅಂತಾರಲ್ಲ? ಇನ್ನೊಂದು, ಹೂಜಿಯನ್ನು ಹುಣಸೆಹಣ್ಣಿನಿಂದ ತೊಳೆಯಬಹುದಾ?

ಮೊದಲು ಎರಡನೆಯದು, ತಡವಾಗಬಾರದು. ಹುಣಸೆಹಣ್ಣು, ನಿಂಬೆಹಣ್ಣು ಯಾವುದೂ ತಾಕಿಸಬೇಡಿ. ಬಿದರಿ ಪಾತ್ರೆಯಲ್ಲಿ ಸತುವೇ ಜಾಸ್ತಿ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅಂತ ನಮ್ಮ ಕಡೆ ಲೆಕ್ಕ ಹೇಳುತ್ತಾರೆ. ಹುಳಿಯಲ್ಲಿ ಹೈಡ್ರೋಜನ್ ಅಯಾನು ಇರುತ್ತದೆ, ಅದರ ಸಂಖ್ಯೆ ಸೊನ್ನೆ. ಸತು ಮೈನಸ್ 0.76. ಅಂದರೆ ಹುಳಿ ಸತುವನ್ನು ತಿನ್ನುತ್ತದೆ, ಕಪ್ಪು ಕಿತ್ತು ಹೋಗುತ್ತದೆ. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಒಗ್ಗುತ್ತದೆ. ತಾಮ್ರ ಸೊನ್ನೆಗಿಂತ ಆ ಕಡೆ ಇದೆ, ಹುಳಿ ಅದರ ಮೇಲಿನ ಕಿಲುಬನ್ನಷ್ಟೇ ಕರಗಿಸುತ್ತದೆ. ಬಿದರಿಗೆ ಒಣ ಮೆತ್ತನೆ ಬಟ್ಟೆ, ಯಾವಾಗಲಾದರೂ ಒಂದು ಹನಿ ಕೊಬ್ಬರಿ ಎಣ್ಣೆ. ಅಷ್ಟು ಸಾಕು.

ಈಗ ಕಪ್ಪಿನ ಕಥೆ. ನಾನು ಹುಡುಗಿಯಾಗಿದ್ದಾಗ ನಮ್ಮ ಗಲ್ಲಿಯಲ್ಲಿ ಬಿದರಿ ಕೆಲಸದ ಮನೆ ಇತ್ತು. ಶಾಲೆ ಬಿಟ್ಟ ಮೇಲೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಎರಕ ಹೊಯ್ದು ಅರದಿಂದ ಉಜ್ಜಿದ ಪಾತ್ರೆ ಬೂದು ಬಣ್ಣ. ಅದರ ಮೇಲೆ ಉಳಿಯಿಂದ ಗೆರೆ ಎಳೆದರೆ ಕಣ್ಣಿಗೆ ಕಾಣೋದೇ ಇಲ್ಲ. ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಕ್ಷಣದಲ್ಲಿ ಪಾತ್ರೆ ಕಪ್ಪು. ಆ ಕಪ್ಪಿನ ಮೇಲೆ ಉಳಿ ಓಡಿದರೆ ಬಿಳಿ ಗೆರೆ ಹೊಳೆಯುತ್ತದೆ. ಚಿತ್ರ ಬರೆಯೋಕೆ ಅದು ಹಲಗೆ ಇದ್ದಂತೆ. ಬಣ್ಣ ಅಂತಲೇ ನಾನು ಅಂದುಕೊಂಡಿದ್ದೆ. ಕಾಲೇಜಿಗೆ ಹೋದ ಮೇಲೆ, ಲ್ಯಾಬಿನಲ್ಲಿ ಸತುವಿನ ಪಟ್ಟಿ ಮೈಲುತುತ್ತದಲ್ಲಿ ಕಪ್ಪಾದ ದಿನ, ಆ ಹೊಸ್ತಿಲು ನೆನಪಾಗಿ ಮೈ ಜುಮ್ ಅಂತು. ಅದು ಬಣ್ಣವಲ್ಲ, ತಾಮ್ರ. ನುಣುಪಾದ ಪುಡಿಯಾಗಿ ಕೂತ ತಾಮ್ರ ಕಪ್ಪಾಗಿ ಕಾಣುತ್ತದೆ. ದಪ್ಪ ಕೂತ ಮೇಲೆ ಕೆಂಪು ತೋರುತ್ತದೆ. ನಮ್ಮ ಗಲ್ಲಿಯಲ್ಲಿ ದಿನಾ ನಡೆಯುತ್ತಿದ್ದದ್ದು ಪುಸ್ತಕದ 1.10 ವೋಲ್ಟ್ ಕ್ರಿಯೆಯೇ.

ಈ ಕಪ್ಪು ತಾತ್ಕಾಲಿಕ. ಗೆರೆಯಲ್ಲಿ ಬೆಳ್ಳಿಯ ತಂತಿ, ಬೆಳ್ಳಿಯ ಹಾಳೆ ಕೂರಿಸಿ ಸುತ್ತಿಗೆಯಿಂದ ಬಡಿದು, ಮತ್ತೆ ಉಜ್ಜಿದಾಗ ಅದು ಹೋಗುತ್ತದೆ. ಕೊನೆಗೆ ಪಾತ್ರೆಯನ್ನು ಸ್ವಲ್ಪ ಬಿಸಿ ಮಾಡಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು ಹಚ್ಚುತ್ತಾರೆ. ಉಳಿಯುವ ಕಪ್ಪು ಅದು. ನೀವು ಕೇಳಿದ್ದೂ ಸರಿ, ನೋಡಿದ್ದೂ ಸರಿ. ಎರಡು ಕಪ್ಪುಗಳು, ಎರಡು ಬೇರೆ ಕೆಲಸ. ಬೆಳ್ಳಿ ಮಾತ್ರ ಈ ಎರಡನೇ ಕಪ್ಪಿನ ನಡುವೆ ಬೆಳ್ಳಗೇ ಉಳಿಯುತ್ತದೆ. ಪ್ಲಸ್ 0.80ರಲ್ಲಿ ಇರುವ ಲೋಹ ಎಲೆಕ್ಟ್ರಾನ್ ಬಿಟ್ಟುಕೊಡೋಕೆ ಸುಲಭವಾಗಿ ಒಪ್ಪುವುದಿಲ್ಲ.

ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದ: ಬೆಳ್ಳಿ ಬಡಿದು ಕೂರಿಸೋ ಕಷ್ಟ ಯಾಕೆ, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದರೆ ಆಗಲ್ವಾ? ಸಂಖ್ಯೆ ನೋಡಿದರೆ ಆಗುತ್ತದೆ, ವ್ಯತ್ಯಾಸ 1.56 ವೋಲ್ಟ್. ಮಾಡಿಯೂ ನೋಡಿದೆವು. ಬೆಳ್ಳಿ ಬಂತು, ಆದರೆ ಕರಿ-ಬೂದು ಪುಡಿಯಾಗಿ ಬಂತು. ಬೆರಳು ತಾಕಿದರೆ ಉದುರುತ್ತಿತ್ತು. ಅಷ್ಟು ರಭಸದಲ್ಲಿ ಬಿದ್ದ ಲೋಹ ಬಿಗಿಯಾಗಿ ಅಂಟಿಕೊಳ್ಳುವುದಿಲ್ಲ. ಬೆಳ್ಳಿ ಬರುತ್ತದೋ ಇಲ್ಲವೋ ಅನ್ನೋದನ್ನು ವೋಲ್ಟ್ ಹೇಳಿತು. ಚೆನ್ನಾಗಿ ಕೂರುತ್ತದೋ ಅನ್ನೋದನ್ನು ಹೇಳಲಿಲ್ಲ. ಆ ದಿನದಿಂದ ಬಿದರಿ ಸುತ್ತಿಗೆಯ ಸದ್ದಿನ ಮೇಲೆ ನನಗೆ ಗೌರವ ಇನ್ನೂ ಜಾಸ್ತಿಯಾಯಿತು.

ಶಹಾಪುರದ ಪ್ರೌಢಶಾಲಾ ಶಿಕ್ಷಕರು: ಮಕ್ಕಳ ಮುಂದೆ ಮೈಲುತುತ್ತದ ನೀರಿಗೆ ಅಲ್ಯೂಮಿನಿಯಂ ತುಂಡು ಹಾಕಿದೆ. ಪೀರಿಯಡ್ ಮುಗಿದರೂ ಏನೂ ಆಗಲಿಲ್ಲ. ಪುಸ್ತಕ ತಪ್ಪಾ?

ಪುಸ್ತಕ ಸರಿ, ನೀವು ಮಾಡಿದ್ದೂ ಸರಿ. ನನಗೂ ಒಮ್ಮೆ ಹೀಗೇ ಆಗಿ, ತರಗತಿಯ ಮುಂದೆ ಲೋಟ ಹಿಡಿದು ಸುಮ್ನೆ ನಿಂತಿದ್ದೆ. ಲೆಕ್ಕದ ಪ್ರಕಾರ ವ್ಯತ್ಯಾಸ ಪೂರಾ 2 ವೋಲ್ಟ್. ಸತುವಿಗಿಂತ ಜೋರಾಗಿ ನಡೆಯಬೇಕು. ಆದರೆ ಅಲ್ಯೂಮಿನಿಯಂ ಗಾಳಿಗೆ ಬಂದ ಕೂಡಲೇ ಮೈಮೇಲೆ ಆಕ್ಸೈಡ್‌ನ ತೆಳು ಪೊರೆ ಹೊದ್ದುಕೊಳ್ಳುತ್ತದೆ. ತಾಮ್ರದ ಅಯಾನು ಲೋಹವನ್ನು ಮುಟ್ಟೋಕೇ ಆಗೋದಿಲ್ಲ.

ಮುಂದಿನ ಸಲ ಅದೇ ಲೋಟಕ್ಕೆ ಒಂದು ಚಮಚ ಅಡುಗೆ ಉಪ್ಪು ಹಾಕಿ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ಸ್ವಲ್ಪ ಹೊತ್ತಿಗೆ ಕೆಂಪು ತಾಮ್ರ ಕಾಣುತ್ತದೆ, ಗುಳ್ಳೆ ಏಳುತ್ತವೆ, ಲೋಟ ಬಿಸಿಯಾಗುತ್ತದೆ. ಗುಳ್ಳೆ ಹೈಡ್ರೋಜನ್, ಬೆಂಕಿ ಹತ್ತಿರ ಬೇಡ. ನನ್ನ ಸಲಹೆ ಏನಂದರೆ, ಮೊದಲು ಉಪ್ಪಿಲ್ಲದೆಯೇ ಮಾಡಿ. ಏನೂ ಆಗದೇ ಇರೋದನ್ನು ಮಕ್ಕಳು ನೋಡಲಿ. ಯಾಕಿರಬಹುದು ಅಂತ ಅವರನ್ನೇ ಕೇಳಿ. ಅಲ್ಯೂಮಿನಿಯಂ ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಬಾರದು ಅಂತ ಅಜ್ಜಿ ಯಾಕೆ ಬೈತಾರೆ ಅಂತಲೂ ಕೇಳಿ. ಯಾರಾದರೂ ಒಬ್ಬರು ಎರಡನ್ನೂ ಜೋಡಿಸುತ್ತಾರೆ. ಆಮೇಲೆ ಉಪ್ಪು ಹಾಕಿ.

ಯಾರಾದರೂ ಹುಡುಗರು, ಹಾಗಾದರೆ ಸೋಡಿಯಂ ಇನ್ನೂ ಚೆನ್ನಾಗಿ ತಾಮ್ರ ಬಿಡಿಸಬೇಕಲ್ಲ ಸಾರ್ ಅಂತ ಕೇಳಿಯೇ ಕೇಳುತ್ತಾರೆ. ಮೈನಸ್ 2.71 ನೋಡಿದರೆ ಹಾಗನಿಸುತ್ತದೆ. ಆದರೆ ಸೋಡಿಯಂ ತಾಮ್ರಕ್ಕಾಗಿ ಕಾಯೋದಿಲ್ಲ, ಮೊದಲು ನೀರಿನ ಮೇಲೇ ಬೀಳುತ್ತದೆ. ಹೈಡ್ರೋಜನ್ ಬರುತ್ತದೆ, ಬೆಂಕಿ ಹತ್ತಬಹುದು, ಸಿಡಿಯಬಹುದು. ಉಳಿಯೋದು ನೀಲಿ ಕಾಪರ್ ಹೈಡ್ರಾಕ್ಸೈಡ್ ಗಸಿ. ಮಾಡಿ ತೋರಿಸಬೇಡಿ, ಬಾಯಲ್ಲಿ ಹೇಳಿ.

ಬೀದರದ ಐಟಿಐ ವಿದ್ಯಾರ್ಥಿ: ತಾಮ್ರ ಕಬ್ಬಿಣವನ್ನು ಹೊರಗೆ ಹಾಕೋದಿಲ್ಲ ಅಂತ ಓದಿದ್ದೇವೆ. ಆದರೆ ಸರ್ಕ್ಯೂಟ್ ಬೋರ್ಡಿನ ತಾಮ್ರ ಫೆರಿಕ್ ಕ್ಲೋರೈಡ್ ಅನ್ನೋ ಕಬ್ಬಿಣದ ಲವಣದ ನೀರಲ್ಲಿ ಕರಗುತ್ತದಲ್ಲ?

ಕರಗುತ್ತದೆ, ಆದರೆ ಅಲ್ಲಿ ಕಬ್ಬಿಣ ಲೋಹವಾಗಿ ಹೊರಗೆ ಬರೋದಿಲ್ಲ. ಟ್ರೇ ತಳ ನೋಡಪ್ಪ, ಕಬ್ಬಿಣದ ಪುಡಿ ಇರುತ್ತಾ? ಇರೋದಿಲ್ಲ. ಫೆರಿಕ್ ಅಯಾನಿಗೆ ಮೂರು ಎಲೆಕ್ಟ್ರಾನ್ ಕಡಿಮೆ. ಅದು ಒಂದೇ ಒಂದು ಎಲೆಕ್ಟ್ರಾನ್ ತೆಗೆದುಕೊಂಡು ಫೆರಸ್ ಆಗಿ ನಿಲ್ಲುತ್ತದೆ. ಆ ಒಂದು ಹೆಜ್ಜೆಯ ಸಂಖ್ಯೆ ಪ್ಲಸ್ 0.77. ಅದರಿಂದ ತಾಮ್ರದ 0.34 ಕಳೆ, 0.43 ಉಳಿಯಿತು. ಹಾಗಾಗಿ ತಾಮ್ರ ಕರಗುತ್ತದೆ. ನೀನು ಪುಸ್ತಕದಲ್ಲಿ ಓದಿದ ಮೈನಸ್ 0.44 ಫೆರಸ್‌ನಿಂದ ಲೋಹದವರೆಗಿನ ಹೆಜ್ಜೆಯದು. ಅದಕ್ಕೆ ತಾಮ್ರ ಹಚ್ಚಿದರೆ ಮೈನಸ್ 0.78, ಆಗೋದಿಲ್ಲ. ಕಬ್ಬಿಣ ಅಂತ ಹೆಸರು ಕಂಡ ಕೂಡಲೇ ಸಂಖ್ಯೆ ಎತ್ತಿಕೊಳ್ಳಬೇಡ. ಯಾವ ಅಯಾನು ಏನಾಗಿ ಬದಲಾಗುತ್ತಿದೆ ಅಂತ ನೋಡಿ, ಆ ಹೆಜ್ಜೆಯ ಸಂಖ್ಯೆ ತಗೋ. ಕೈಗೆ ಗ್ಲೌಸ್ ಹಾಕಿಕೋ, ಆ ಹಳದಿ ಕಲೆ ಬಟ್ಟೆಯಿಂದ ಹೋಗೋದಿಲ್ಲ. ಬಳಸಿದ ದ್ರಾವಣವನ್ನು ಕುಡಗೋಲಿನವರಿಗೆ ಮೇಲೆ ಹೇಳಿದ ಉಪಾಯದಿಂದಲೇ ಪರೀಕ್ಷೆ ಮಾಡು. ಉಜ್ಜಿದ ಕಬ್ಬಿಣದ ಮೊಳೆ ಒಂದನ್ನು ಅದರಲ್ಲಿ ಬಿಟ್ಟು ನೋಡು. ಬೋರ್ಡಿನಿಂದ ಕರಗಿ ಹೋದ ತಾಮ್ರ ಮೊಳೆಯ ಮೇಲೆ ಕೆಂಪಾಗಿ ವಾಪಸ್ ಬಂದು ಕೂರುತ್ತದೆ.